ಹೊರೆ ಹೊತ್ತ ಜಿಗಿತ: ಸಂಕೇಶ್ವರ ಭಾಗದ ಕ್ರೀಡಾಪಟುಗಳಿಗಾಗಿ ಒಂದು ಸಂಶೋಧನಾ ಟಿಪ್ಪಣಿ

ಜಿಗಿತದ ಅಭ್ಯಾಸವನ್ನು ಬಿಗಿ ಮಾಡಬೇಕು ಎಂದಾಗ ತರಬೇತಿ ಕೊಡುವವರಿಗೆ ಮೊದಲು ಹೊಳೆಯುವುದು ಭಾರ. ಬೆನ್ನಿಗೆ ಮರಳಿನ ಚೀಲ, ಕಣಕಾಲಿಗೆ ಮರಳಿನ ಪಟ್ಟಿ, ಸೊಂಟಕ್ಕೆ ಬಿಗಿದ ಸೈಕಲ್ ಟ್ಯೂಬು, ಹಗ್ಗ ಕಟ್ಟಿ ಎಳೆಯುವ ಹಳೆಯ ಟಯರು. ಹಳ್ಳಿಯ ಮೈದಾನಗಳಲ್ಲಿ ಇವೆಲ್ಲ ಬಳಕೆಯಲ್ಲಿವೆ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಹುಡುಗ ಹುಡುಗಿಯರು ವಾಲಿಬಾಲ್, ಕಬಡ್ಡಿ, ಖೋ-ಖೋ ಆಡುತ್ತಾರೆ, ಉದ್ದ ಜಿಗಿತ, ಎತ್ತರ ಜಿಗಿತಗಳಲ್ಲಿ ಸ್ಪರ್ಧಿಸುತ್ತಾರೆ. ಯಂತ್ರಗಳಿರುವ ಜಿಮ್ ಇವರಲ್ಲಿ ಹೆಚ್ಚಿನವರಿಗೆ ಎಟಕುವುದಿಲ್ಲ. ಕೈಗೆ ಸಿಕ್ಕ ಭಾರವೇ ಅವರ ಸಾಧನ. ಆ ಭಾರ ಯಾವಾಗ ಜಿಗಿತವನ್ನು ಬೆಳೆಸುತ್ತದೆ, ಯಾವಾಗ ಅದನ್ನು ನಿಧಾನಗೊಳಿಸುತ್ತದೆ, ಯಾವಾಗ ಮಂಡಿಗೆ ಹೊಡೆತವಾಗುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರೆಯನ್ನು ನಾವು ಕಿಲೋಗಳಲ್ಲಿ ಅಳೆಯುತ್ತಿದ್ದೇವೆ. ಅಳೆಯಬೇಕಾದದ್ದು ಎರಡು ಬೇರೆ ಸಂಗತಿಗಳನ್ನು: ಪಾದ ನೆಲದ ಮೇಲೆ ಎಷ್ಟು ಹೊತ್ತು ಇರುತ್ತದೆ, ಇಳಿದಾಗ ದೇಹ ಎಷ್ಟು ಹೊಡೆತ ನುಂಗುತ್ತದೆ. ಈ ಎರಡನ್ನು ಮುಂದಿಟ್ಟುಕೊಂಡು ನೋಡಿದರೆ, ನೆಲದಿಂದ ಮೇಲಕ್ಕೆ ಜಿಗಿಯುವಾಗ ಹೊರುವ ಭಾರವೂ ಎತ್ತರದಿಂದ ಕೆಳಕ್ಕೆ ಧುಮುಕುವಾಗ ಹೊರುವ ಭಾರವೂ ಒಂದೇ ಜಾತಿಯವಲ್ಲ.

ಗರಡಿಮನೆಯ ಹೊರೆ

ಈ ನೆಲಕ್ಕೆ ಭಾರದ ವ್ಯಾಯಾಮ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸ, ಭೂಲೋಕಮಲ್ಲ ಎಂಬ ಬಿರುದಿನ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ 12ನೆಯ ಶತಮಾನದ ಮೊದಲರ್ಧದ್ದು. ಅದರ ವಿನೋದಗಳ ಭಾಗದಲ್ಲಿ ಮಲ್ಲರ ವಿಷಯ ಬರುತ್ತದೆ. ಅವರ ಆಹಾರ, ವಯಸ್ಸು, ವರ್ಗ, ಅಭ್ಯಾಸ ಎಲ್ಲವೂ ಅಲ್ಲಿದೆ. ಅಭ್ಯಾಸವನ್ನು ‘ಶ್ರಮ’ ಎಂದು ಕರೆದು ವಿಂಗಡಿಸಲಾಗಿದೆ: ಭಾರ ಎತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ, ತೋಳುಗಳ ತಳ್ಳಾಟದ ಶ್ರಮ. ಇಂದಿನ ಮಲ್ಲಕಂಬದ ಹಳೆಯ ಉಲ್ಲೇಖವೆಂದು ಸಾಮಾನ್ಯವಾಗಿ ತೋರಿಸುವುದು ಇದೇ ಗ್ರಂಥವನ್ನು. ನನಗೆ ಇಲ್ಲಿ ಮುಖ್ಯವೆನಿಸುವುದು ವಿಂಗಡಣೆಯ ಹಿಂದಿನ ತಿಳಿವಳಿಕೆ. ಭಾರ, ಚಲನೆ, ನೀರು ಇವು ದೇಹದ ಮೇಲೆ ಬೇರೆ ಬೇರೆ ಕೆಲಸ ಮಾಡುತ್ತವೆ ಎಂದು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನೆಲದ ಆಸ್ಥಾನದಲ್ಲಿ ಗುರುತಿಸಿದ್ದರು.

ಬೆಳಗಾವಿ ಸೀಮೆಯ ತಾಲೀಮುಗಳು ಕೊಲ್ಲಾಪುರದ ಕುಸ್ತಿಯ ನೆರಳಿನಲ್ಲಿ ಬೆಳೆದವು. ಸಂಕೇಶ್ವರ ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಅದೇ ಹೆದ್ದಾರಿ ಉತ್ತರಕ್ಕೆ ಕೊಲ್ಲಾಪುರವನ್ನು ಮುಟ್ಟುತ್ತದೆ. ಶಾಹೂ ಮಹಾರಾಜರ ಕಾಲದ ಖಾಸಬಾಗ್ ಮೈದಾನ ಇರುವುದು ಅಲ್ಲಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ್ ಪಳಗಿದ್ದೂ ಅಲ್ಲಿಯೇ. ಈ ಪರಂಪರೆಯಲ್ಲಿ ಕಾಲಿನ ಬಲಕ್ಕೆ ಬೈಠಕ್, ಎದೆ ಮತ್ತು ಭುಜಕ್ಕೆ ದಂಡ ಅಥವಾ ಜೋರು, ಎರಡನ್ನೂ ಕೂಡಿಸಿದ ಸಪಾಟೆ. ಕೆಲವೆಡೆ ಬೈಠಕ್ ಏಳುವಾಗ ತುಸು ಮುಂದಕ್ಕೆ ಕುಪ್ಪಳಿಸುವ ರೂಢಿಯೂ ಇದೆ. ಉತ್ತರ ಭಾರತದ ಅಖಾಡಗಳಲ್ಲಿ ಕೊರಳಿಗೆ ಕಲ್ಲಿನ ದೊಡ್ಡ ಬಳೆ ಹಾಕಿಕೊಂಡು ಬೈಠಕ್ ತೆಗೆಯುವುದನ್ನು ಜೋಸೆಫ್ ಆಲ್ಟರ್ ಬನಾರಸಿನ ಪೈಲ್ವಾನರ ಬಗ್ಗೆ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವ ಪಂದ್ಯಗಳಿವೆ. ಆದರೆ ಇವುಗಳಲ್ಲಿ ಹೆಚ್ಚಿನವು ನಿಧಾನದ ಬಲದ ಕೆಲಸಗಳು. ಕಬ್ಬಿನ ಹಂಗಾಮಿನಲ್ಲಿ ಹೊರೆ ತಲೆಯ ಮೇಲಿಟ್ಟು ಹಲಗೆ ಹತ್ತಿ ಲಾರಿ ತುಂಬುವವರ ಕಾಲಿನ ಬಲ ಯಾವ ಕ್ರೀಡಾಪಟುವಿಗೂ ಕಡಿಮೆಯಲ್ಲ. ಆ ಬಲ ತಾನೇ ತಾನಾಗಿ ಎತ್ತರದ ಜಿಗಿತವಾಗುವುದಿಲ್ಲ. ಯಾಕೆಂದರೆ ಹಲಗೆ ಹತ್ತುವ ಹೆಜ್ಜೆಯಲ್ಲಿ ಪಾದ ಒಂದು ಸೆಕೆಂಡಿನ ಆಸುಪಾಸು ನೆಲದ ಮೇಲಿರುತ್ತದೆ. ಜಿಗಿತಕ್ಕೆ ಅಷ್ಟು ಹೊತ್ತು ಸಿಗುವುದಿಲ್ಲ.

ಎಷ್ಟು ಹೊತ್ತು ಸಿಗುತ್ತದೆ? ನುರಿತ ಉದ್ದ ಜಿಗಿತಗಾರನ ಕೊನೆಯ ಹೆಜ್ಜೆ ಹಲಗೆಯ ಮೇಲೆ ಸುಮಾರು 0.12 ಸೆಕೆಂಡು ಇರುತ್ತದೆ. ಎತ್ತರ ಜಿಗಿತದಲ್ಲಿ ಇದು 0.15ರಿಂದ 0.2ರ ನಡುವೆ. 2012ರಲ್ಲಿ ಹೈದರಾಬಾದಿನಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದ ನಮ್ಮ ಸಹನಾ ಕುಮಾರಿಯಂಥವರು ಎಲ್ಲ ಬಲವನ್ನೂ ನೆಲಕ್ಕೆ ಕೊಟ್ಟು ಮುಗಿಸಬೇಕಾದ ಅವಧಿ ಇಷ್ಟೇ. ವಾಲಿಬಾಲ್ ಸ್ಮ್ಯಾಶಿಗೆ ಎರಡು ಕಾಲೂರಿ ಏಳುವಾಗ ಸುಮಾರು 0.3 ಸೆಕೆಂಡು ಸಿಗುತ್ತದೆ. ನಿಂತಲ್ಲಿಂದ ಬಗ್ಗಿ ಏಳುವ ಜಿಗಿತದಲ್ಲಿ ಇನ್ನೂ ಹೆಚ್ಚು. ಜರ್ಮನಿಯ ಶ್ಮಿಟ್‌ಬ್ಲೈಷರ್ ಇವುಗಳನ್ನು 0.25 ಸೆಕೆಂಡಿನ ಗೆರೆಯಿಂದ ವೇಗದವು, ನಿಧಾನದವು ಎಂದು ಎರಡು ಮಾಡಿದರು. ಈ ಗೆರೆಯನ್ನು ನೆನಪಿಟ್ಟುಕೊಂಡರೆ ಮುಂದಿನ ವಾದ ಸುಲಭವಾಗಿ ಅರ್ಥವಾಗುತ್ತದೆ.

ಭಾರದ ಬದಲಿಗೆ ಬಂದ ಧುಮುಕು

ಜಿಗಿತದ ತರಬೇತಿಯನ್ನು ಇಂದು ಎಲ್ಲೆಡೆ ಪ್ಲೈಯೊಮೆಟ್ರಿಕ್ಸ್ ಎಂದು ಕರೆಯುತ್ತಾರೆ. ಆ ಹೆಸರನ್ನು 1975ರಲ್ಲಿ ಬಳಕೆಗೆ ತಂದವರು ಅಮೆರಿಕದ ಓಟಗಾರ, ತರಬೇತುದಾರ ಫ್ರೆಡ್ ವಿಲ್ಟ್. ವಿಧಾನದ ಬೇರು ಮಾತ್ರ ಸೋವಿಯತ್ ಒಕ್ಕೂಟದ ತ್ರಿವಿಧ ಜಿಗಿತದ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿಯಲ್ಲಿದೆ. ಅವರೇ ಹೇಳಿಕೊಂಡಂತೆ, ಚಳಿಗಾಲದಲ್ಲಿ ಒಳಾಂಗಣದ ಇಕ್ಕಟ್ಟಿನಲ್ಲಿ ಶಿಷ್ಯರಿಗೆ ಭಾರಿ ಬಾರ್‌ಬೆಲ್ ಹೊರಿಸಿ ಅರ್ಧ ಬೈಠಕ್ ಮಾಡಿಸುತ್ತಿದ್ದರು. ಲಾಭ ಕಂಡಿತು, ಆದರೆ ಸೊಂಟದ ನೋವೂ ಬಂತು. ಹೊರೆಯಿಲ್ಲದೆ ಕಾಲಿಗೆ ಅಷ್ಟೇ ಬಲದ ಬೇಡಿಕೆ ಒಡ್ಡುವುದು ಹೇಗೆ ಎಂದು ಯೋಚಿಸಿ, ಎತ್ತರದ ಪೆಟ್ಟಿಗೆಯಿಂದ ಕೆಳಕ್ಕೆ ಧುಮುಕಿ ಕೂಡಲೇ ಮೇಲಕ್ಕೆ ಜಿಗಿಯುವ ಅಭ್ಯಾಸವನ್ನು ರೂಪಿಸಿದರು. ಅವರು ಸೂಚಿಸಿದ ಎತ್ತರ 0.75 ಮೀಟರಿನಿಂದ ಸುಮಾರು 1.10 ಮೀಟರು. ಅದು ಪಳಗಿದ ವಯಸ್ಕ ಜಿಗಿತಗಾರರಿಗೆ, ವರ್ಷದ ಆಯ್ದ ವಾರಗಳಿಗೆ ಮಾತ್ರ.

ಈ ಚರಿತ್ರೆಯನ್ನು ಬೇಕೆಂದೇ ಎತ್ತಿ ಹೇಳುತ್ತಿದ್ದೇನೆ. ಧುಮುಕಿ ಜಿಗಿಯುವ ವಿಧಾನ ಹುಟ್ಟಿದ್ದೇ ಬೆನ್ನ ಮೇಲಿನ ಭಾರಕ್ಕೆ ಬದಲಿಯಾಗಿ. ಅಲ್ಲಿ ಬೀಳುವ ದೇಹವೇ ಹೊರೆ. ಆ ಹೊರೆಯ ಮೇಲೆ ಮತ್ತೆ ಮರಳಿನ ಚೀಲ ಹೇರಿದರೆ ಯಾವ ನೋವಿನಿಂದ ಪಾರಾಗಲು ವಿಧಾನ ಹುಟ್ಟಿತೋ ಆ ನೋವನ್ನೇ ಮರಳಿ ಕರೆದಂತೆ. ಇಂದು ನಮ್ಮ ಮೈದಾನಗಳಿಗೆ ಬರುವ ಮೊಬೈಲ್ ವಿಡಿಯೋಗಳಲ್ಲಿ ಎರಡನ್ನೂ ಒಟ್ಟಿಗೆ ಮಾಡುವವರು ಕಾಣುತ್ತಾರೆ. ಹದಿನಾಲ್ಕರ ಹುಡುಗರು ಅದನ್ನೇ ಕಟ್ಟೆಯ ಮೇಲಿಂದ ಮಾಡಲು ಹೊರಡುತ್ತಾರೆ. ಈ ಟಿಪ್ಪಣಿ ಬರೆಯಲು ಇದೂ ಒಂದು ಕಾರಣ.

ಲೆಕ್ಕ

60 ಕಿಲೋ ತೂಕದ ಆಟಗಾರನೊಬ್ಬ ನಿಂತಲ್ಲಿಂದ 40 ಸೆಂಟಿಮೀಟರ್ ಜಿಗಿಯುತ್ತಾನೆ ಎಂದಿಟ್ಟುಕೊಳ್ಳೋಣ. ಬಗ್ಗಿದ ಸ್ಥಿತಿಯಿಂದ ಪಾದ ನೆಲ ಬಿಡುವವರೆಗೆ ಅವನ ದೇಹ ಮೇಲೇರುವ ದೂರವೂ 40 ಸೆಂಟಿಮೀಟರ್ ಇರಲಿ. ಅದನ್ನು ತಳ್ಳುವ ದೂರ ಎನ್ನೋಣ. ಆಗ ಅವನ ಕಾಲುಗಳು ನೆಲಕ್ಕೆ ಕೊಡುವ ಸರಾಸರಿ ಬಲ ದೇಹತೂಕದ ಎರಡು ಪಟ್ಟು, ಅಂದರೆ ಸುಮಾರು 1,176 ನ್ಯೂಟನ್. ನೆಲ ಬಿಡುವ ವೇಗ ಸೆಕೆಂಡಿಗೆ 2.8 ಮೀಟರ್, ತಳ್ಳುವ ಅವಧಿ 0.29 ಸೆಕೆಂಡು.

ಈಗ ಅವನ ಮೈಗೆ 6 ಕಿಲೋ, ಅಂದರೆ ದೇಹತೂಕದ ಶೇಕಡ 10ರಷ್ಟು ಭಾರ ಕಟ್ಟೋಣ. ಕಾಲಿನ ಬಲ ಅಷ್ಟೇ ಉಳಿದರೆ ಜಿಗಿತ ಸುಮಾರು 33 ಸೆಂಟಿಮೀಟರಿಗೆ ಇಳಿಯುತ್ತದೆ, ತಳ್ಳುವ ಅವಧಿ 0.32 ಸೆಕೆಂಡಿಗೆ ಏರುತ್ತದೆ. ಭಾರ 12 ಕಿಲೋ ಆದರೆ ಜಿಗಿತ 27 ಸೆಂಟಿಮೀಟರು, ಅವಧಿ 0.35 ಸೆಕೆಂಡು. ನಿಜವಾದ ಸ್ನಾಯು ಇಷ್ಟು ಸರಳವಲ್ಲ. ಸಂಕೋಚನ ನಿಧಾನವಾದಷ್ಟೂ ಸ್ನಾಯು ಕೊಡುವ ಬಲ ತುಸು ಹೆಚ್ಚುತ್ತದೆ ಎಂಬುದು 1938ರಲ್ಲಿ ಎ.ವಿ. ಹಿಲ್ ತೋರಿಸಿಕೊಟ್ಟ ನಿಯಮ. ಹಾಗಾಗಿ ಮೈದಾನದಲ್ಲಿ ಇಳಿತ ಈ ಲೆಕ್ಕಕ್ಕಿಂತ ಕಡಿಮೆಯೇ ಇರಬೇಕು. ಲೆಕ್ಕದ ಸಂಖ್ಯೆಯನ್ನು ಕೆಳಗಿನ ಮಿತಿ ಎಂದು ಹಿಡಿಯಬಹುದು. ಇದನ್ನು ಮುಂದೆ ಬಳಸಿಕೊಳ್ಳುತ್ತೇನೆ.

ಇಳಿಯುವಾಗಿನ ಲೆಕ್ಕ ಇನ್ನೂ ಕುತೂಹಲದ್ದು. ಭಾರವಿಲ್ಲದೆ 40 ಸೆಂಟಿಮೀಟರಿನಿಂದ ಇಳಿದಾಗ ದೇಹ ತಡೆದುಕೊಳ್ಳಬೇಕಾದ ಶಕ್ತಿ ಸುಮಾರು 235 ಜೂಲ್. 6 ಕಿಲೋ ಹೊತ್ತು ಜಿಗಿದು 33 ಸೆಂಟಿಮೀಟರಿನಿಂದ ಇಳಿದರೆ ಸುಮಾರು 212 ಜೂಲ್. 12 ಕಿಲೋ ಹೊತ್ತರೆ 188. ಹೊರೆ ಹೆಚ್ಚಿದಂತೆ ಇಳಿಯುವ ಹೊಡೆತದ ಶಕ್ತಿ ಕಡಿಮೆಯಾಗುತ್ತಿದೆ. ಕಾರಣ ನೇರವಾಗಿದೆ. ಜಿಗಿತದ ಎತ್ತರವನ್ನು ನಿರ್ಧರಿಸುವುದು ಆಟಗಾರನ ಕಾಲೇ. ಹೊರೆ ಹೆಚ್ಚಾದರೆ ಎತ್ತರ ತಾನಾಗಿ ತಗ್ಗುತ್ತದೆ. ಇಲ್ಲಿ ದೇಹಕ್ಕೆ ತನ್ನದೇ ಕಡಿವಾಣ ಇದೆ.

ಅದೇ ಆಟಗಾರ 40 ಸೆಂಟಿಮೀಟರ್ ಎತ್ತರದ ಕಟ್ಟೆಯಿಂದ ಧುಮುಕಿದರೆ ಈ ಕಡಿವಾಣ ಇಲ್ಲ. ಕಟ್ಟೆಯ ಎತ್ತರ ಬದಲಾಗುವುದಿಲ್ಲ. ಭಾರವಿಲ್ಲದೆ 235 ಜೂಲ್ ಇದ್ದದ್ದು 6 ಕಿಲೋ ಹೊತ್ತಾಗ 259, 12 ಕಿಲೋ ಹೊತ್ತಾಗ 282. ಕಾಲು ಸೋತಿದ್ದರೂ, ಬೆನ್ನು ಬಳುಕುತ್ತಿದ್ದರೂ ಕಟ್ಟೆ ಅಷ್ಟೇ ಹೊಡೆತ ಕೊಡುತ್ತದೆ. ನೆಲದಿಂದ ಜಿಗಿಯುವ ಹೊರೆ, ಧುಮುಕುವ ಹೊರೆ ಬೇರೆ ಬೇರೆ ಜಾತಿಯವು ಎಂದು ಆರಂಭದಲ್ಲಿ ಹೇಳಿದ್ದು ಈ ಅರ್ಥದಲ್ಲಿ.

ಪ್ರಯೋಗಾಲಯದ ಸಾಕ್ಷ್ಯ

ಹೊರೆಯ ಪರವಾದ ಹೆಸರಾಂತ ಸಾಕ್ಷ್ಯ ಇಟಲಿಯ ಕಾರ್ಮೆಲೊ ಬಾಸ್ಕೊ ಅವರದು. 1984ರಲ್ಲಿ ಪ್ರಕಟವಾದ ಅವರ ತಂಡದ ಪ್ರಯೋಗದಲ್ಲಿ ಅಂತರರಾಷ್ಟ್ರೀಯ ಮಟ್ಟದ ಕ್ರೀಡಾಪಟುಗಳು ಮೂರು ವಾರ ಬೆಳಗಿನಿಂದ ಸಂಜೆಯವರೆಗೆ ದೇಹತೂಕದ ಶೇಕಡ 13ರಷ್ಟು ಭಾರದ ಜಾಕೀಟು ತೊಟ್ಟಿದ್ದರು. ಅಭ್ಯಾಸದಲ್ಲೂ ಅದು ಮೈಮೇಲಿತ್ತು. ಬಳಿಕ ಅವರ ಜಿಗಿತ ಗಮನಾರ್ಹವಾಗಿ ಏರಿತು. ಇದನ್ನು ಓದಿದವರಿಗೆ ಇಡೀ ದಿನ ಭಾರ ಹೊತ್ತು ತಿರುಗುವುದೇ ಗುಟ್ಟು ಎನಿಸಬಹುದು. ಎರಡು ಮಾತನ್ನು ಸೇರಿಸಿ ಓದಬೇಕು. ಅವರು ಆಗಲೇ ವರ್ಷಗಟ್ಟಲೆ ಪಳಗಿದ ದೇಹಗಳು, ಸಂಖ್ಯೆಯಲ್ಲೂ ಕೆಲವೇ ಮಂದಿ. ಭಾರ ತೆಗೆದ ಕೆಲವು ವಾರಗಳಲ್ಲಿ ಆ ಲಾಭ ಹಳೆಯ ಮಟ್ಟದತ್ತ ಮರಳಿತು. ಅಂದರೆ ಹೊರೆ ಕೊಟ್ಟದ್ದು ಬಹುಮಟ್ಟಿಗೆ ತಾತ್ಕಾಲಿಕ ಹೊಂದಾಣಿಕೆ. ಸ್ಪರ್ಧೆಯ ದಿನ ಹತ್ತಿರವಿದ್ದರೆ ಅದಕ್ಕೂ ಬೆಲೆಯಿದೆ. ವರ್ಷವಿಡೀ ಹೊರುವುದಕ್ಕೆ ಇದು ಆಧಾರವಾಗುವುದಿಲ್ಲ.

ಎರಡನೆಯ ಗಟ್ಟಿ ಸಾಕ್ಷ್ಯ ಆಸ್ಟ್ರೇಲಿಯಾದ್ದು. 1993ರಲ್ಲಿ ವಿಲ್ಸನ್, ನ್ಯೂಟನ್ ಮತ್ತು ಸಂಗಡಿಗರು ಹತ್ತು ವಾರ ಮೂರು ಬಗೆಯ ಅಭ್ಯಾಸವನ್ನು ಹೋಲಿಸಿದರು: ಭಾರಿ ತೂಕದ ಬೈಠಕ್, ಪೆಟ್ಟಿಗೆಯಿಂದ ಧುಮುಕುವ ಜಿಗಿತ, ಮತ್ತು ಗರಿಷ್ಠ ಬಲದ ಸುಮಾರು ಶೇಕಡ 30ರಷ್ಟು ಹೊರೆಯೊಂದಿಗೆ ನೆಲದಿಂದ ಮೇಲಕ್ಕೆ ಜಿಗಿಯುವುದು. ಒಟ್ಟಾರೆ ಫಲ ಮೂರನೆಯದರಲ್ಲಿ ಹೆಚ್ಚು ಕಂಡಿತು. 1999ರಲ್ಲಿ ನ್ಯೂಟನ್, ಕ್ರೇಮರ್, ಹಕ್ಕಿನೆನ್ ಅಮೆರಿಕದ ಮೇಲ್ಮಟ್ಟದ ವಿಶ್ವವಿದ್ಯಾಲಯ ವಾಲಿಬಾಲ್ ಆಟಗಾರರಿಗೆ ಎಂಟು ವಾರ ಹೊರೆ ಹೊತ್ತ ಜಿಗಿತ ಮಾಡಿಸಿದಾಗ ಅವರ ನಿಂತ ಜಿಗಿತ ಸುಮಾರು ಶೇಕಡ 6ರಷ್ಟು ಏರಿತು. ಆಗಲೇ ಚೆನ್ನಾಗಿ ಜಿಗಿಯಬಲ್ಲವರಲ್ಲಿ ಇದು ಸಣ್ಣ ಏರಿಕೆಯಲ್ಲ. 2002ರಲ್ಲಿ ಮ್ಯಾಕ್‌ಬ್ರೈಡ್ ತಂಡ ಎಂಟು ವಾರ ಹಗುರ ಹೊರೆಯನ್ನೂ ಭಾರಿ ಹೊರೆಯನ್ನೂ ಹೋಲಿಸಿತು. ಗರಿಷ್ಠ ಬೈಠಕ್ ತೂಕದ ಶೇಕಡ 30 ಹೊತ್ತು ಜಿಗಿದವರಲ್ಲಿ ವೇಗ ಬೆಳೆಯಿತು. ಶೇಕಡ 80 ಹೊತ್ತವರಲ್ಲಿ ಬಲ ಬೆಳೆಯಿತು, ಓಟದ ವೇಗ ಕುಂದುವ ಲಕ್ಷಣ ತೋರಿತು. ಕಬ್ಬಿನ ಹೊರೆಯ ಬಗ್ಗೆ ಮೇಲೆ ಹೇಳಿದ್ದಕ್ಕೆ ಇದು ಪ್ರಯೋಗದ ಬೆಂಬಲ.

ಇಲ್ಲಿ ಶೇಕಡ 30 ಎಂಬುದನ್ನು ಎಚ್ಚರದಿಂದ ಓದಬೇಕು. ಅದು ಗರಿಷ್ಠ ಬಲದ ಅಥವಾ ಗರಿಷ್ಠ ಬೈಠಕ್ ತೂಕದ ಪಾಲು, ದೇಹತೂಕದ ಪಾಲಲ್ಲ. ಈ ಗೊಂದಲ ಮೈದಾನದಲ್ಲಿ ಅಪಾಯ ತರುತ್ತದೆ. ತನ್ನ ದೇಹತೂಕದಷ್ಟೇ ಭಾರ ಹೊತ್ತು ಒಂದು ಸಲ ಬೈಠಕ್ ಏಳಲಾಗದ ಹುಡುಗಿಗೆ ದೇಹತೂಕದ ಶೇಕಡ 30 ಹೊರಿಸಿದರೆ ಆ ಪ್ರಯೋಗಗಳಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಕಾರ್ಮಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ್ದು ಇನ್ನೂ ಮುಂದಿನ ಮಾತು: ಜಿಗಿತದಲ್ಲಿ ಗರಿಷ್ಠ ಚೈತನ್ಯ, ಅಂದರೆ ಬಲ ಮತ್ತು ವೇಗದ ಗುಣಲಬ್ಧ, ಕಂಡುಬರುವುದು ಹೊರಗಿನ ಹೊರೆ ಏನೂ ಇಲ್ಲದಾಗ.

ನ್ಯೂಟನ್ ಮತ್ತು ವಿಲ್ಸನ್ ಹಂಫ್ರೀಸ್ ಅವರ ಜೊತೆ 1995ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ವಿಷಯವೇ ಇಳಿಯುವ ಹೊಡೆತ. ಹೊರೆಯೊಂದಿಗೆ ಕೆಳಗೆ ಬರುವಾಗ ಬ್ರೇಕ್ ಹಿಡಿಯುವ ಸಾಧನ ಅಳವಡಿಸಿ ನೆಲದ ಹೊಡೆತ ಎಷ್ಟು ತಗ್ಗುತ್ತದೆ ಎಂದು ಅಳೆದರು. ಹೊರೆಯ ಜಿಗಿತವನ್ನು ಬೆಂಬಲಿಸಿದ ಸಂಶೋಧಕರೇ ಇಳಿಯುವಿಕೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಂಡಿದ್ದರು. ಅವರ ತೀರ್ಮಾನ ನಮ್ಮಲ್ಲಿಗೆ ಬಂದಿದೆ, ಅವರ ಬ್ರೇಕ್ ಬಂದಿಲ್ಲ. ಮುರುಮಿನ ಗಟ್ಟಿ ಮೈದಾನದಲ್ಲಿ, ತೆಳು ತಳದ ಕ್ಯಾನ್ವಾಸ್ ಬೂಟಿನಲ್ಲಿ ಅಥವಾ ಬರಿಗಾಲಲ್ಲಿ ಇಳಿಯುವ ಮಕ್ಕಳಿಗೆ ಆ ತೀರ್ಮಾನವನ್ನು ಇದ್ದಂತೆಯೇ ಅನ್ವಯಿಸುವುದು ನ್ಯಾಯವಲ್ಲ. ನಾರ್ವೆಯಲ್ಲಿ ಲಿಯಾನ್, ಎಂಗೆಬ್ರೆಟ್ಸೆನ್, ಬಾರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೇಲ್ಮಟ್ಟದ ಪುರುಷ ವಾಲಿಬಾಲ್ ಆಟಗಾರರಲ್ಲಿ ಸುಮಾರು ಶೇಕಡ 45 ಮಂದಿಗೆ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ನೋವು ಇತ್ತು. ಜಿಗಿತವೇ ಅವರ ಆಟ, ಜಿಗಿತವೇ ಅವರ ಗಾಯದ ಮೂಲ.

ಹೊರೆ ಎಲ್ಲಿರಬೇಕು

ಪ್ರಾಚೀನ ಗ್ರೀಕರು ಉದ್ದ ಜಿಗಿತದಲ್ಲಿ ಎರಡೂ ಕೈಯಲ್ಲಿ ಕಲ್ಲಿನ ಅಥವಾ ಲೋಹದ ಗುಂಡುಗಳನ್ನು ಹಿಡಿದು ಹಾರುತ್ತಿದ್ದರು. ಅವುಗಳನ್ನು ಹಾಲ್ಟೆರೆಸ್ ಎನ್ನುತ್ತಿದ್ದರು. ಮಿನೆಟ್ಟಿ ಮತ್ತು ಆರ್ಡಿಗೊ 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಒಂದೊಂದು ಕೈಯಲ್ಲಿ 3 ಕಿಲೋ ಹಿಡಿದರೆ 3 ಮೀಟರಿನ ಜಿಗಿತಕ್ಕೆ 17 ಸೆಂಟಿಮೀಟರಿನಷ್ಟು ಕೂಡುತ್ತದೆ. ಭಾರ ಜಿಗಿತವನ್ನು ಅಡ್ಡಿಪಡಿಸದೆ ಉದ್ದವಾಗಿಸಿತು, ಏಕೆಂದರೆ ಅದು ಬೀಸುವ ಕೈಯಲ್ಲಿತ್ತು. ಅದೇ ಭಾರ ಕಣಕಾಲಿಗೆ ಕಟ್ಟಿದರೆ ಫಲ ಬೇರೆ. ಕಾಲಿನ ತುದಿಯ ತೂಕ ಮಂಡಿಯನ್ನು ಎಳೆಯುತ್ತದೆ, ಕಾಲು ಬೀಸುವ ಲಯವನ್ನು ಕೆಡಿಸುತ್ತದೆ. ಕಣಕಾಲಿನ ಮರಳುಪಟ್ಟಿ ಕಟ್ಟಿಕೊಂಡು ಜಿಗಿಯುವುದನ್ನು, ಓಡುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಶಾಲೆಯ ಬ್ಯಾಗಿನಲ್ಲಿ ಮರಳು ತುಂಬುವುದೂ ಸರಿಯಲ್ಲ. ಅದು ದೇಹಕ್ಕಿಂತ ತಡವಾಗಿ ಏರಿ ತಡವಾಗಿ ಇಳಿದು, ಪಾದ ನೆಲ ಮುಟ್ಟಿದ ಮೇಲೆ ಬೆನ್ನಿಗೆ ಎರಡನೆಯ ಹೊಡೆತ ಕೊಡುತ್ತದೆ. ಬೇಕಿರುವುದು ಎದೆಗೂ ಬೆನ್ನಿಗೂ ಸಮನಾಗಿ ಹಂಚಿದ, ಮೈಗೆ ಬಿಗಿಯಾಗಿ ಕೂರುವ ಜಾಕೀಟು. ಸಂಕೇಶ್ವರದ ಯಾವ ದರ್ಜಿಯೂ ದಪ್ಪ ಬಟ್ಟೆಯಲ್ಲಿ ಚಿಕ್ಕ ಚಿಕ್ಕ ಜೇಬುಗಳಿಟ್ಟು ಇದನ್ನು ಹೊಲಿದುಕೊಡಬಲ್ಲ. ಅರ್ಧ ಕಿಲೋದ ಮರಳಿನ ಪೊಟ್ಟಣಗಳನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲೇ ತೂಗಿಕೊಳ್ಳಬಹುದು. ಭಾರ ಎಷ್ಟೆಂದು ಖಚಿತವಾಗಿ ತಿಳಿದಿರಬೇಕು ಎಂಬುದೇ ಇಲ್ಲಿನ ಕಾಳಜಿ.

ಟ್ಯೂಬಿನ ಪ್ರತಿರೋಧ ಇನ್ನೊಂದು ಬಗೆ. ರಬ್ಬರು ಹಿಗ್ಗಿದಷ್ಟೂ ಹೆಚ್ಚು ಎಳೆಯುತ್ತದೆ. ಬಗ್ಗಿದಾಗ ಅದು ಸಡಿಲ. ಕಾಲು ನೀಳವಾಗಿ ಅತಿ ವೇಗದಲ್ಲಿರುವ ಕೊನೆಯ ಕ್ಷಣದಲ್ಲಿ ಬಿಗಿ. ಮೇಲೇರಿದ ದೇಹವನ್ನು ಗುರುತ್ವದ ಜೊತೆ ಸೇರಿ ಕೆಳಗೆಳೆಯುತ್ತದೆ, ಹಾಗಾಗಿ ಅಷ್ಟೇ ಎತ್ತರದಿಂದ ಇಳಿದರೂ ವೇಗ ಹೆಚ್ಚು. ಹಳೆಯ ಟ್ಯೂಬಿನ ಎಳೆತ ಎಷ್ಟು ಎಂಬುದೂ ಯಾರಿಗೂ ತಿಳಿದಿರುವುದಿಲ್ಲ, ಅದು ತುಂಡಾದರೆ ಮುಖಕ್ಕೆ ಬಡಿಯುತ್ತದೆ. ಓಟದ ಮೊದಲ ಹೆಜ್ಜೆಗಳಿಗೆ ಅದನ್ನು ಬಳಸಲಿ, ಜಿಗಿತಕ್ಕೆ ಬೇಡ.

ಮರಳನ್ನು ಪ್ರತಿರೋಧವಾಗಿ ಬಳಸುವ ದಾರಿ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಹಿರಣ್ಯಕೇಶಿ, ಘಟಪ್ರಭೆಯ ದಂಡೆಯ ಊರುಗಳಿಗೆ ಮರಳು ಅಪರಿಚಿತವಲ್ಲ, ಉದ್ದ ಜಿಗಿತದ ಗುಂಡಿಯೂ ಹಲವು ಶಾಲೆಗಳಲ್ಲಿದೆ. ಮರಳು ಪಾದದಡಿ ಕುಸಿಯುವುದರಿಂದ ಜಿಗಿಯಲು ಹೆಚ್ಚು ಶ್ರಮ ಬೇಕು, ಆದರೆ ಇಳಿಯುವ ಹೊಡೆತವನ್ನು ಅದೇ ನುಂಗುತ್ತದೆ. ಇಂಪೆಲ್ಲಿಜೆರಿ ಮತ್ತು ಸಂಗಡಿಗರು 2008ರಲ್ಲಿ ಫುಟ್‌ಬಾಲ್ ಆಟಗಾರರಿಗೆ ನಾಲ್ಕು ವಾರ ಮರಳಿನ ಮೇಲೂ ಹುಲ್ಲಿನ ಮೇಲೂ ಜಿಗಿತ ಮಾಡಿಸಿ ಹೋಲಿಸಿದರು. ಮರಳಿನ ಗುಂಪಿಗೆ ಸ್ನಾಯುನೋವು ಕಡಿಮೆ. ಕುಳಿತ ಸ್ಥಿತಿಯಿಂದ ಏಳುವ ಜಿಗಿತ ಮರಳಿನಲ್ಲಿ ಹೆಚ್ಚು ಸುಧಾರಿಸುವ ಒಲವು ತೋರಿತು. ಬಗ್ಗಿ ಕೂಡಲೇ ಪುಟಿಯುವ ಜಿಗಿತಕ್ಕೆ ಹುಲ್ಲು ಮೇಲಾಯಿತು. ಮರಳು ಸ್ನಾಯುವಿನ ಬಲಕ್ಕೆ ಒಳ್ಳೆಯದು, ಸ್ನಾಯುರಜ್ಜುವಿನ ಪುಟಿತಕ್ಕೆ ಗಟ್ಟಿ ನೆಲವೇ ಬೇಕು. ಸಲಿಲಶ್ರಮದ ಮಾತನ್ನೂ ಇಲ್ಲಿ ನೆನೆಯಬಹುದು: ಸೊಂಟಮಟ್ಟದ ನೀರಿನಲ್ಲಿ ಜಿಗಿದರೆ ಮೇಲೇರುವಾಗ ಪ್ರತಿರೋಧ, ಇಳಿಯುವಾಗ ಆಸರೆ. ಆದರೆ ನಮ್ಮ ಬಾವಿ, ಕಾಲುವೆ, ನದಿಗಳಲ್ಲಿ ಮಕ್ಕಳಿಂದ ಇದನ್ನು ಮಾಡಿಸಬಾರದು.

ಸಂಕೇಶ್ವರದ ಮೈದಾನಕ್ಕೆ

ಶಾಲಾ ವರ್ಷ ಜೂನ್ ಹೊತ್ತಿಗೆ ಶುರುವಾಗುತ್ತದೆ. ತಾಲೂಕು ಮಟ್ಟದ ಕ್ರೀಡಾಕೂಟಗಳು ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ. ಪಿ.ಟಿ. ಮಾಸ್ತರರ ಕೈಯಲ್ಲಿರುವುದು ಸುಮಾರು ಹತ್ತು ವಾರ, ಅದೂ ಮಳೆಗಾಲದ ಹತ್ತು ವಾರ. ಮೊದಲ ನಾಲ್ಕು ವಾರ ಯಾವ ಹೊರೆಯೂ ಬೇಡ. ಇಳಿಯುವುದನ್ನು ಕಲಿಸಬೇಕು: ಮಂಡಿಗಳು ಒಳಕ್ಕೆ ಬೀಳದಂತೆ, ಸೊಂಟ ಹಿಂದೆ ಸರಿದು, ಸದ್ದಿಲ್ಲದೆ. ಬೈಠಕ್, ಒಂಟಿಕಾಲಿನ ಕುಪ್ಪಳಿಕೆ, ಮರಳಿನ ಜಿಗಿತ ಇವು ಜೊತೆಗಿರಲಿ. ಹೊಸಬರಿಗೆ ಒಂದು ದಿನಕ್ಕೆ ಪಾದ ನೆಲ ಮುಟ್ಟುವ ಎಣಿಕೆ 80ರಿಂದ 100ರೊಳಗೆ ಎಂಬ ಅಂತರರಾಷ್ಟ್ರೀಯ ಸಂಪ್ರದಾಯ ನಮಗೂ ಸರಿಹೊಂದುತ್ತದೆ.

ಮುಂದಿನ ನಾಲ್ಕು ವಾರ, ವಾರಕ್ಕೆ ಎರಡು ದಿನ, ಪದವಿಪೂರ್ವ ಹಾಗೂ ಕಾಲೇಜು ಮಟ್ಟದ ಪಳಗಿದ ಆಟಗಾರರಿಗೆ ಮಾತ್ರ ದೇಹತೂಕದ ಶೇಕಡ 5ರಿಂದ 10ರಷ್ಟು ಹೊರೆ. ನೆಲದಿಂದ ಮೇಲಕ್ಕೆ, ನಾಲ್ಕೈದು ಜಿಗಿತದ ಐದು ಸರದಿ, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಪ್ರತಿ ಹೊರೆಯ ಸರದಿಯ ಬಳಿಕ ಹೊರೆಯಿಲ್ಲದ ಎರಡು ಮೂರು ಜಿಗಿತ. ಕಟ್ಟೆಯಿಂದ ಧುಮುಕುವುದು ಇದ್ದರೆ ಬರಿ ಮೈಯಲ್ಲಿ, ತಗ್ಗು ಎತ್ತರದಿಂದ. ಕೊನೆಯ ಎರಡು ವಾರ ಹೊರೆ ಇಳಿಸಿ ವೇಗದ ಜಿಗಿತ ಮಾತ್ರ. ಉದ್ದ ಜಿಗಿತದವರಿಗೆ ಹೊರೆಯ ಭಾಗ ಇನ್ನೂ ಕಡಿಮೆಯಿರಲಿ. 0.12 ಸೆಕೆಂಡಿನ ಹೆಜ್ಜೆಯನ್ನು 0.32 ಸೆಕೆಂಡಿನ ಅಭ್ಯಾಸ ಅಷ್ಟಾಗಿ ತಿದ್ದಲಾರದು. ವಾಲಿಬಾಲ್ ಆಟಗಾರರಿಗೆ ಈ ಅಭ್ಯಾಸ ಹತ್ತಿರದ್ದು, ಲಾಭವೂ ಅವರಿಗೇ ಹೆಚ್ಚು.

ಪ್ರೌಢಶಾಲೆಯ ಮಕ್ಕಳಿಗೆ ಹೊರಗಿನ ಹೊರೆಯನ್ನು ನಾನು ಸೂಚಿಸುವುದಿಲ್ಲ. ಭರದಿಂದ ಎತ್ತರ ಬೆಳೆಯುವ ಆ ವಯಸ್ಸಿನಲ್ಲಿ ಮಂಡಿಯ ಕೆಳಗೆ ಕೆಳಗಾಲಿನ ಮೂಳೆಗೆ ಸ್ನಾಯುರಜ್ಜು ಅಂಟುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಅಲ್ಲಿ ಊದಿಕೊಂಡು ನೋವಾಗುವ ಆಸ್‌ಗುಡ್-ಶ್ಲಾಟರ್ ತೊಂದರೆ ಜಿಗಿಯುವ ಮಕ್ಕಳಲ್ಲಿ ಸಾಮಾನ್ಯ. ಮರಳು ಮತ್ತು ತಮ್ಮದೇ ಮೈತೂಕ ಅವರಿಗೆ ಸಾಕಷ್ಟು ಪ್ರತಿರೋಧ.

ಅಳತೆಗೆ ದುಬಾರಿ ಉಪಕರಣ ಬೇಕಿಲ್ಲ. ಡಡ್ಲಿ ಸಾರ್ಜೆಂಟ್ 1921ರಲ್ಲಿ ಪ್ರಕಟಿಸಿದ ನಿಂತ ಜಿಗಿತದ ಪರೀಕ್ಷೆ ಇಂದು ಗೋಡೆಯ ಸುಣ್ಣದ ಗುರುತಿನ ರೂಪದಲ್ಲಿ ಎಲ್ಲ ಶಾಲೆಗೂ ಸಿಗುತ್ತದೆ. ನಿಧಾನಗತಿಯ ವಿಡಿಯೋ ತೆಗೆಯುವ ಮೊಬೈಲಿದ್ದರೆ ಇನ್ನೂ ಒಳ್ಳೆಯದು. ಪಾದ ನೆಲ ಬಿಟ್ಟ ಚೌಕಟ್ಟಿನಿಂದ ಮತ್ತೆ ನೆಲ ಮುಟ್ಟಿದ ಚೌಕಟ್ಟಿನವರೆಗೆ ಎಣಿಸಿ ಗಾಳಿಯಲ್ಲಿದ್ದ ಅವಧಿ ತಿಳಿಯಬೇಕು. ಆ ಅವಧಿಯ ವರ್ಗವನ್ನು 9.8ರಿಂದ ಗುಣಿಸಿ 8ರಿಂದ ಭಾಗಿಸಿದರೆ ಜಿಗಿತದ ಎತ್ತರ ಮೀಟರಿನಲ್ಲಿ ಬರುತ್ತದೆ. 0.57 ಸೆಕೆಂಡು ಎಂದರೆ 40 ಸೆಂಟಿಮೀಟರು. ಸೆಕೆಂಡಿಗೆ 240 ಚೌಕಟ್ಟಿನ ವಿಡಿಯೋದಲ್ಲಿ ಒಂದು ಚೌಕಟ್ಟು ತಪ್ಪಿದರೆ ಆಗುವ ದೋಷ ಸುಮಾರು ಅರ್ಧ ಸೆಂಟಿಮೀಟರು. 30 ಚೌಕಟ್ಟಿನ ಸಾಮಾನ್ಯ ವಿಡಿಯೋದಲ್ಲಿ ಅದೇ ದೋಷ ನಾಲ್ಕೂವರೆ ಸೆಂಟಿಮೀಟರು ದಾಟುತ್ತದೆ, ಆದ್ದರಿಂದ ಅದು ನಿರುಪಯುಕ್ತ. ಇಳಿಯುವಾಗ ಮಂಡಿ ಮಡಚಿಕೊಂಡರೆ ಅವಧಿ ಸುಳ್ಳಾಗಿ ಹಿಗ್ಗುತ್ತದೆ. ಕಾಲು ನೀಳವಾಗಿಟ್ಟೇ ನೆಲ ಮುಟ್ಟಲು ಹೇಳಬೇಕು.

ಹೊರೆ ಹೆಚ್ಚಾಯಿತೇ ಎಂದು ತಿಳಿಯಲು ಮೇಲಿನ ಲೆಕ್ಕದಿಂದ ಒಂದು ಸರಳ ಮಿತಿ ಸಿಗುತ್ತದೆ. ಆಟಗಾರನ ಬರಿಮೈ ಜಿಗಿತಕ್ಕೆ ತಳ್ಳುವ ದೂರ 40 ಸೆಂಟಿಮೀಟರ್ ಕೂಡಿಸಿ, ಶೇಕಡ 10ರ ಹೊರೆಗೆ 1.1ರಿಂದ ಭಾಗಿಸಿ, ಮತ್ತೆ 40 ಕಳೆಯಬೇಕು. 50 ಜಿಗಿಯುವವನಿಗೆ ಇದು ಸುಮಾರು 42, 40 ಜಿಗಿಯುವವನಿಗೆ 33, 30 ಜಿಗಿಯುವವಳಿಗೆ 24 ಬರುತ್ತದೆ. ಹೊರೆಯೊಂದಿಗಿನ ಜಿಗಿತ ಈ ಸಂಖ್ಯೆಗಿಂತ ಮೇಲಿದ್ದರೆ ಮುಂದುವರಿಯಬಹುದು. ಕೆಳಗಿಳಿದರೆ ಕಾಲಿನ ಬಲವಲ್ಲ, ನಡು ಮತ್ತು ಬೆನ್ನಿನ ಹಿಡಿತ ಸಡಿಲುತ್ತಿದೆ ಅಥವಾ ಆಯಾಸ ಮೀರಿದೆ ಎಂದು ತಿಳಿದು ಆ ದಿನದ ಹೊರೆಯನ್ನು ಅಲ್ಲಿಗೇ ಇಳಿಸಬೇಕು. ಮಿತಿ ಹೀಗೆ ಆಟಗಾರನಿಗೆ ತಕ್ಕಂತೆ ಬದಲಾಗುತ್ತದೆ. ಎಲ್ಲರಿಗೂ ಒಂದೇ ಚೀಲ ಹೊರಿಸುವ ಪದ್ಧತಿಯಲ್ಲಿ ಇಲ್ಲದ್ದು ಇದೇ.

ಈ ವಾದವನ್ನು ಇಲ್ಲಿಯೇ ಪರೀಕ್ಷಿಸಬಹುದು. ಹುಕ್ಕೇರಿ, ಗೋಕಾಕ, ಮೂಡಲಗಿಯ ಪದವಿಪೂರ್ವ ಕಾಲೇಜುಗಳ ವಾಲಿಬಾಲ್ ಆಟಗಾರರನ್ನು ಚೀಟಿ ಎತ್ತಿ ಮೂರು ಗುಂಪು ಮಾಡಬೇಕು: ಶೇಕಡ 10ರ ಹೊರೆಯ ನೆಲದ ಜಿಗಿತ, ಹೊರೆಯಿಲ್ಲದ ನೆಲದ ಜಿಗಿತ, ಮರಳಿನ ಜಿಗಿತ. ಪಾದ ನೆಲ ಮುಟ್ಟುವ ಎಣಿಕೆ ಮೂರರಲ್ಲೂ ಒಂದೇ ಇರಬೇಕು. ಎಂಟು ವಾರದ ಮೊದಲು ಮತ್ತು ನಂತರ ನಿಂತ ಜಿಗಿತ, ಮೂರು ಹೆಜ್ಜೆ ಓಡಿ ಏಳುವ ಜಿಗಿತ, ಅದರ ನೆಲಸಂಪರ್ಕದ ಅವಧಿ, ಮತ್ತು ಪ್ರತಿ ವಾರ ಮಂಡಿನೋವಿನ ದಾಖಲೆ ಬೇಕು. ಹೊರೆ ತೆಗೆದ ನಾಲ್ಕು ವಾರದ ಬಳಿಕ ಇನ್ನೊಮ್ಮೆ ಅಳೆಯಬೇಕು, ಬಾಸ್ಕೊ ಕಂಡ ಇಳಿತ ಇಲ್ಲೂ ಕಾಣುತ್ತದೆಯೇ ಎಂದು ತಿಳಿಯಲು. ಹೊರೆಯ ಗುಂಪು ನಿಂತ ಜಿಗಿತದಲ್ಲಿ ಮುಂದೆ ಬಂದು ಓಡಿ ಏಳುವ ಜಿಗಿತದಲ್ಲಿ ಬಾರದಿದ್ದರೆ ನೆಲಸಂಪರ್ಕದ ಅವಧಿಯ ಬಗ್ಗೆ ಇಲ್ಲಿ ಹೇಳಿದ್ದಕ್ಕೆ ಬಲ ಬರುತ್ತದೆ. ನೆಲಸಂಪರ್ಕದ ಅವಧಿ ಹೆಚ್ಚದೆ, ಮಂಡಿನೋವೂ ಏರದೆ, ಎರಡೂ ಜಿಗಿತಗಳಲ್ಲಿ ಹೊರೆಯ ಗುಂಪೇ ಮುಂದೆ ಬಂದರೆ ಶೇಕಡ 10ರ ಮಿತಿಯನ್ನು ಸಡಿಲಿಸಿ ಶೇಕಡ 15ರಲ್ಲಿ ಮುಂದಿನ ಪ್ರಯೋಗ ಮಾಡಬೇಕು.